ಮೂರು ವರ್ಷ ಬಳಸಿದ ಚಾರ್ಟ್ ಆ್ಯಪ್: ಹಾಕಿದ ಗೆರಿ ಉಳಿಸಲ್ಲ, ಮಗಳ ಗ್ರಾಫ್ ಬುಕ್ಕೇ ಗತಿ ಆತು

ಮೊದ್ಲ ಹೇಳಿಬಿಡ್ತೀನಿ, ಶೇರಿನ ರೇಟು ಚಾರ್ಟ್ ಮಾಡಿ ತೋರಿಸೋ ಈ ಆ್ಯಪ್‌ನಾಗ ಎಷ್ಟು ಇಂಡಿಕೇಟರ್ ಅದಾವು, ಒಂದು ಆರ್ಡರಿಗೆ ಬ್ರೋಕರೇಜ್ ಎಷ್ಟು ಅನ್ನೋದೆಲ್ಲ ನಿಮಗ ಗೊತ್ತಿರೋದೇ, ಅದನ್ನ ಬರಿಯಾಕ ಕುಂತಿಲ್ಲ. ಹೆಸರೂ ಬರಿಯಲ್ಲ, ಸುಮ್ನ ಯಾಕ ಉಸಾಬರಿ. ನಂದು ಒಂದ ತಕರಾರು. ಶನಿವಾರ ರಾತ್ರಿ ಕುಂತು ಕಣ್ಣು ಕಿರಿದು ಮಾಡ್ಕೊಂಡು ಟ್ರೆಂಡ್ ಲೈನ್ (ರೇಟು ಯಾವ ಕಡಿ ಹೊಂಟೈತಿ ಅಂತ ತೋರಿಸೋ ಗೆರಿ) ಹಾಕಿರ್ತೀನಿ, ಅದು ಒಂದಿನ ಇರಂಗಿಲ್ಲ. ಮೊದಲನೇ ಸಲ 2023ರ ಮಾರ್ಚಿನಾಗ ಫೋನ್ ಬದಲಿ ಮಾಡಿದಾಗ ಹೋತು, ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರ "ಸರ್ ಅದು ಆ ಫೋನಿನಲ್ಲೇ ಸೇವ್ ಆಗಿರುತ್ತೆ" ಅಂದಳು ಹುಡುಗಿ, ಹಳೆ ಫೋನ್ ಅಷ್ಟೊತ್ತಿಗೆ ಎಕ್ಸ್‌ಚೇಂಜ್‌ನಾಗ ಹೋಗಿತ್ತು. ಎರಡನೇ ಸಲ ಅಪ್‌ಡೇಟ್ ಬಂದು ಹೋತು. ಮೂರನೇದು ನನ್ನ ತಪ್ಪೇ, ಹೆಬ್ಬೆಟ್ಟು ತಾಗಿ ಎಲ್ಲಾ ಅಳಿಸೋ ಬಟನ್ ಒತ್ತಿಬಿಟ್ಟೆ, ಆದ್ರ ಅಂಥಾ ಬಟನ್‌ನ ಪೆನ್ಸಿಲ್ ಗುರ್ತಿನ ಪಕ್ಕದಾಗ ಯಾರಾದ್ರೂ ಇಡ್ತಾರೇನ್ರಿ?

ನಾನು ಗಂಗಾವತಿಯ ಒಂದು ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಂವ. ತಿಂಗಳಿಗೆ ಎರಡು ಸಾವಿರ ಮ್ಯೂಚುವಲ್ ಫಂಡಿನ ಎಸ್‌ಐಪಿ, ಅದನ್ನ ಮುಟ್ಟಲ್ಲ. ಅದರ ಹೊರಗ ಶೇರಿಗೆ ಅಂತ ನಲವತ್ತು ಸಾವಿರ ಇಟ್ಟಿದ್ದೆ, ಅದರಾಗ ಹನ್ನೊಂದು ಸಾವಿರ, ರೇಟು ಏರತೈತೋ ಇಳಿತೈತೋ ಅನ್ನೋ ಬಾಜಿಯಂಥ ಆಪ್ಷನ್ಸ್‌ಗೆ ಹೋತು, ಅದರ ಕಥಿ ಬ್ಯಾಡ. ಶೇರು ಮಾರ್ಕೆಟ್ಟಿನ ಮ್ಯಾಲೆ ಕಣ್ಣಿಡೋ ಸೆಬಿಯೇ 2024ರಾಗ ಲೆಕ್ಕ ಹಾಕಿ ಹೇಳೇತಲ್ಲ, ಮೂರು ವರ್ಷದಾಗ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ಸಣ್ಣ ಮಂದಿಯೊಳಗ ನೂರಕ್ಕ 93 ಮಂದಿ ಕಳ್ಕೊಂಡಾರಂತ, ನಾನೂ ಆ 93ರಾಗ ಒಬ್ಬಾಂವ ಅಷ್ಟ.

ದಿನಾ ನಡಿಯೋದು ಹಿಂಗ. ಮುಂಜಾನಿ ಒಂಬತ್ತಕ್ಕ ಅಂಗಡಿ ಶಟರ್ ಎತ್ತಿ, ಗಾದಿ ಜಾಡಿಸಿ, ಊದಿನಕಡ್ಡಿ ಹಚ್ಚೋದರೊಳಗ ಅಲ್ಲಿ ಶೇರು ಮಾರ್ಕೆಟ್ಟಿನ ಪ್ರೀ-ಓಪನ್ (ಓಪನ್ ಆಗೋಕ ಮೊದಲಿನ ತಯಾರಿ) ಶುರು ಆಗಿರತೈತಿ. 9:15ಕ್ಕ ಮಾರ್ಕೆಟ್ ಓಪನ್ ಆಗೋ ಹೊತ್ತಿಗೆ ಚಹಾದ ಹುಡುಗ ಬರ್ತಾನ. ಮೊದಲ ವರ್ಷ ಚಹಾ ಆರಿ ಕೆನಿ ಕಟ್ಟಿದ್ರೂ ಗೊತ್ತಾಗ್ತಿರಲಿಲ್ಲ, ಕಣ್ಣು ಒಂದು ನಿಮಿಷದ ಚಾರ್ಟ್‌ನಾಗ. ಈಗ ಚಹಾ ಬಿಸಿ ಇದ್ದಾಗಲೇ ಕುಡಿತೀನಿ. ಫೋನು ಗಲ್ಲಾಪೆಟ್ಟಿಗ್ಯಾಗ, ಹೊರಗ ತೆಗಿಯೋದು 3:30 ಆದ ಮ್ಯಾಲೆ.

ಅದು ಹೆಂಗ ಬದಲಾತು ಅಂದ್ರ, ಗೆರಿ ಹೋದ ಸಿಟ್ಟಿನಾಗ ಮಗಳ ಗ್ರಾಫ್ ಬುಕ್ಕಿನಿಂದ ಒಂದು ಹಾಳಿ ಹರಕೊಂಡೆ. ಎಂಟನೇ ಕ್ಲಾಸು ಆಕಿ, "ಅಪ್ಪಾ ಅದು ಎಣಿಸಿದ ಹಾಳಿ, ಟೀಚರ್ ಬೈತಾರ" ಅಂದ್ಲು, ಹೊಸ ಬುಕ್ಕು ಕೊಡಿಸೋ ಮಾತು ಕೊಟ್ಟು ಹಾಳಿ ತಗೊಂಡೆ. ಅಡ್ಡ ಹಿಡಿದೆ. ಕೆಳಗಿನ ಗೆರಿ ನಿಫ್ಟಿ (ಐವತ್ತು ದೊಡ್ಡ ಕಂಪನಿ ಶೇರಿನ ಸೂಚ್ಯಂಕ) 16,500, ಒಂದು ಸೆಂಟಿಮೀಟರಿಗೆ 500 ಪಾಯಿಂಟ್, ವಾರಕ್ಕ ಎರಡು ಮಿಲಿಮೀಟರ್. ಶುಕ್ರವಾರ ನಿಫ್ಟಿ ಎಲ್ಲಿ ಕ್ಲೋಸ್ ಆತೋ ಅಲ್ಲಿ ಒಂದು ಚುಕ್ಕಿ, ಹಿಂದಿನ ಚುಕ್ಕಿಗೆ ಸ್ಕೇಲ್ ಹಿಡಿದು ಜೋಡಿಸೋದು. ಪೆನ್ಸಿಲ್ ಮೊನಿ ಚೂಪ ಇರಬೇಕು, ಇಲ್ಲಾಂದ್ರ ಚುಕ್ಕಿನೇ ಐವತ್ತು ಪಾಯಿಂಟ್ ದಪ್ಪ ಆಗತೈತಿ. ವಾರಕ್ಕ ಎರಡು ನಿಮಿಷದ ಕೆಲಸ, ಆದ್ರ ನಾನು ಅರ್ಧ ತಾಸು ಕುಂತಿರ್ತೀನಿ, ಮನಿಯಾಕಿ "ಜಾತಕ ಬರಿಯಾಕತ್ತೀರೇನು" ಅಂತ ನಗ್ತಾಳ.

ಈಗ 2024ರ ಜೂನ್ 4ರ ಮಾತು. ಎಲೆಕ್ಷನ್ ರಿಸಲ್ಟ್. ಹಿಂದಿನ ದಿನ ಎಕ್ಸಿಟ್ ಪೋಲ್ ಖುಷಿಯಾಗ ನಿಫ್ಟಿ 23,263ಕ್ಕ ಕ್ಲೋಸ್ ಆಗಿತ್ತು, ಅವತ್ತು ಬಿದ್ದು 21,884. ಆ್ಯಪ್ ತೆಗೆದ್ರ ಸ್ಕ್ರೀನಿನ ಮ್ಯಾಲಿನಿಂದ ತಳದ ತನಕ ಒಂದ ಕೆಂಪು ಗ್ವಾಡಿ. ಕೈ ನಡಗಾಕತ್ತು, ಇದ್ದ ಮೂರು ಶೇರಿನಾಗ ಎರಡು ಮಾರಿಬಿಟ್ಟೆ. ಶುಕ್ರವಾರ ಎಷ್ಟಕ್ಕ ಕ್ಲೋಸ್ ಆತು ಗೊತ್ತೇನ್ರಿ, 23,290. ಹಿಂದಿನ ಶುಕ್ರವಾರ 22,530 ಇತ್ತು. ಅಂದ್ರ ನನ್ನ ಹಾಳಿ ಮ್ಯಾಲೆ ಆ ವಾರದ ಚುಕ್ಕಿ ಒಂದೂವರಿ ಸೆಂಟಿಮೀಟರ್ *ಮ್ಯಾಲೆ* ಹೋಗೇತಿ! ಜೂನ್ 4 ಅನ್ನೋದು ಆ ಹಾಳಿಯಾಗ ಇಲ್ಲೇ ಇಲ್ಲ. ಚುಕ್ಕಿ ಇಟ್ಟು ಎಷ್ಟೊತ್ತು ನೋಡ್ಕೋಂತ ಕುಂತೆನೋ, ಮಾರಿದ ರೇಟು ನೆನೆಸಿಕೊಂಡ್ರ ಈಗ್ಲೂ ಹೊಟ್ಟಿ ಉರಿತೈತಿ.

ಆ್ಯಪ್‌ನ ಖರೇ ದೋಷ ಏನಂತ ಅವತ್ತು ಹೊಳೀತು. ಗೆರಿ ಅಳಿಸಿಹೋಗೋದು ಸಣ್ಣದು, ದೊಡ್ಡದು ಆಟೋ ಸ್ಕೇಲ್. ತೆಗೆದ ಕೂಡ್ಲೆ ಸಣ್ಣ ಟೈಮ್‌ಫ್ರೇಮ್ (ಕಡಿಮಿ ಹೊತ್ತಿನ ಚಾರ್ಟ್) ತೋರಿಸ್ತೈತಿ, ಅದರಾಗ ಎಷ್ಟ ಸಣ್ಣ ಏರಿಳಿತ ಇರಲಿ ಸ್ಕ್ರೀನ್ ತುಂಬ ಎಳೆದು ತೋರಿಸ್ತೈತಿ. 40 ಪಾಯಿಂಟ್ ಇಳಿದ್ರೂ ಅಷ್ಟ ಉದ್ದ, 1,400 ಇಳಿದ್ರೂ ಅಷ್ಟ ಉದ್ದ. ನಮ್ಮೂರಾಗ ಸಣ್ಣ ಹುಡುಗ್ರಿಗೂ ತುಂಗಭದ್ರಾ (ಟಿಬಿ) ಡ್ಯಾಮಿನ ಮಟ್ಟ ಗೊತ್ತಿರತೈತಿ, ತುಂಬಿದ್ರ 1,633 ಅಡಿ. ಮಲೆನಾಡಿನಾಗ ಎರಡು ದಿನ ಮಳಿ ಹೊಡೀತಂದ್ರ ಒಳಹರಿವು ಜೋರು ಆಗತೈತಿ, ಅಷ್ಟಕ್ಕ ಎರಡನೇ ಬೆಳಿಗೆ ನೀರು ಗ್ಯಾರಂಟಿ ಅಂತ ಯಾವ ರೈತನೂ ನೆಲ್ಲಿನ ಬೀಜ ತರಲ್ಲ, ವಾರ ವಾರ ನೋಡ್ತಾನ. (2024ರ ಆಗಸ್ಟಿನಾಗ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಮಾತ್ರ ಊರಿಗೆ ಊರೇ ಗಂಟೆಗೊಮ್ಮೆ ಮಟ್ಟ ನೋಡ್ತಿತ್ತು, ಅದು ಬ್ಯಾರೆ ಮಾತು.) ಇಷ್ಟು ತಿಳಿದೂ ಶೇರಿನಾಗ ನಾನು ನಿಮಿಷ ನಿಮಿಷ ನೋಡ್ತಿದ್ದೆ.

ಒಂದಿನ ಸಾವ್ಕಾರ್ರು ಹಿಂದಿಂದ ಬಂದು ಫೋನ್ ನೋಡಿ "ಏನಪಾ ತಮ್ಮಾ ಅದು, ಮೇಣಬತ್ತಿ?" ಅಂದ್ರು. ಹೌದ್ರಿ, ಕ್ಯಾಂಡಲ್ ಅಂತ, ಓಪನ್ ಎಲ್ಲಿ, ಕ್ಲೋಸ್ ಎಲ್ಲಿ, ಹೆಚ್ಚಿಗಿ ಎಷ್ಟು, ಕಡಿಮಿ ಎಷ್ಟು ಅಂತ ಹೇಳಿದೆ. ಅವರು ಏನೂ ಮಾತಾಡದ ತಮ್ಮ ಕೆಂಪು ಬಟ್ಟಿ ಹೊದಿಕಿ ಪುಸ್ತಕ ತೆಗೆದು ಮುಂದ ಇಟ್ರು. ಸೋನಾ ಮಸೂರಿ, ಆ ದಿನದ ಮೊದಲ ಲಾಟಿನ ರೇಟು, ಮ್ಯಾಲಿನ ರೇಟು, ಕೆಳಗಿನ ರೇಟು, ಕಡೀ ಲಾಟಿನ ರೇಟು. ನಾಲ್ಕೂ ಅದಾವು! ಮೇಣಬತ್ತಿ ಬರೆದಿಲ್ಲ ಅಷ್ಟ. ಹಂಗ ನೋಡಿದ್ರ ಈ ಕ್ಯಾಂಡಲ್ ಪದ್ಧತಿನ 18ನೇ ಶತಮಾನದ ಜಪಾನಿನ ಮುನೆಹಿಸಾ ಹೊಮ್ಮಾ ಅನ್ನೋ ಅಕ್ಕಿ ವ್ಯಾಪಾರಿ ಹೆಸರಿಗೇ ಹಚ್ಚಿ ಹೇಳ್ತಾರ. ಅದನ್ನ ಹೇಳಿದ ಮ್ಯಾಲೆ ಸಾವ್ಕಾರ್ರು ನಾನು ಫೋನ್ ನೋಡಿದ್ರ ಬೈಯೋದು ಬಿಟ್ಟಾರ.

ಬೈದದ್ದು ಆತು, ಒಂದು ಒಳ್ಳೇದೂ ಹೇಳಬೇಕು. ಸೆಟ್ಟಿಂಗ್ಸ್‌ನಾಗ ಮೂಲ್ಯಾಗ ಲಾಗ್ ಅಂತ ಒಂದು ಬಟನ್ ಐತಿ, ಎರಡು ವರ್ಷ ಅದನ್ನ ಲಾಗ್ಔಟ್ ಅಂತ ತಿಳ್ಕೊಂಡು ಮುಟ್ಟೇ ಇರಲಿಲ್ಲ. ಒತ್ತಿದ್ರ ಚಾರ್ಟ್ ಪಾಯಿಂಟ್ ಲೆಕ್ಕ ಬಿಟ್ಟು ಪರ್ಸೆಂಟ್ ಲೆಕ್ಕಕ್ಕ ಬರತೈತಿ. ನಿಫ್ಟಿ 2008ರ ಜನವರಿಯಾಗ 6,357 ಮುಟ್ಟಿ ಅಕ್ಟೋಬರಿನಾಗ 2,252ಕ್ಕ ಬಂದಿತ್ತು, ನೂರಕ್ಕ ಅರವತ್ತರ ಮ್ಯಾಲೆ ಹೋತು, ಆದ್ರ ಸಾದಾ ಚಾರ್ಟ್‌ನಾಗ ಇವತ್ತು ನೋಡಿದ್ರ ರಸ್ತೇದಾಗಿನ ಸಣ್ಣ ತಗ್ಗು ಕಂಡಂಗ ಕಾಣತೈತಿ. 2024ರ ಸೆಪ್ಟೆಂಬರಿನ 26,277ರಿಂದ 2025ರ ಏಪ್ರಿಲ್‌ನಾಗ 21,743ಕ್ಕ ಇಳಿದದ್ದು ನೂರಕ್ಕ ಹದಿನೇಳು ಅಷ್ಟ, ಅದು ದೊಡ್ಡ ಬಾವಿಯಂಗ ಕಾಣತೈತಿ. ಲಾಗ್ ಒತ್ತಿ ನೋಡ್ರಿ, ಬಾವಿ ಯಾವುದು ತಗ್ಗು ಯಾವುದು ಗೊತ್ತಾಗತೈತಿ. ಇದು ನನ್ನ ಹಾಳಿಯಿಂದ ಆಗಂಗಿಲ್ಲ, ಒಪ್ಪಿಕೋತೀನಿ, 17,000ದಾಗ 500 ಅಂದ್ರ ನೂರಕ್ಕ ಮೂರು, 25,000ದಾಗ ಎರಡು, ಹಾಳಿ ಎರಡನ್ನೂ ಒಂದ ಸೆಂಟಿಮೀಟರ್ ಅಂತೈತಿ.

ಆದ್ರ ಆ ಇಳಿತದಾಗ ಹಾಳಿಯೇ ನನ್ನ ಕೈ ಹಿಡೀತು. ಸೆಪ್ಟೆಂಬರ್ 20ರ ವಾರ ನಿಫ್ಟಿ ಹಾಳಿಯ ಮ್ಯಾಲಿನ ಅಂಚು ದಾಟಿ ಹೋತು, ಗೋಂದು ಹಚ್ಚಿ ಇನ್ನೊಂದು ತುಂಡು ಅಂಟಿಸಿದೆ, ಏನು ಖುಷಿ ಅಂತೀರಿ! ಆಮ್ಯಾಲೆ ಇಳೀತು. ನವೆಂಬರಿನಾಗ 23,500ರ ಹತ್ರ ಬಂದು ಮತ್ತ ಏರಾಕತ್ತು, ಗೆಳ್ಯಾರೆಲ್ಲ ಕರೆಕ್ಷನ್ (ಇಳಿತ) ಮುಗೀತು ತಗೋ ಅಂದ್ರು. ಡಿಸೆಂಬರ್ 13ರ ಚುಕ್ಕಿ 24,768ಕ್ಕ ನಿಂತು ಮುಂದಿನ ವಾರ ಧಬಕ್ಕನ ಕೆಳಗ ಬಂತು, ಹಿಂದಿನ ಗುಡ್ಡಕ್ಕಿಂತ ಈ ಗುಡ್ಡ ಮೂರು ಸೆಂಟಿಮೀಟರ್ ಗಿಡ್ಡ. ಏರೋ ಟ್ರೆಂಡ್ ಅಂದ್ರ ಪ್ರತಿ ಗುಡ್ಡ ಹಿಂದಿನದಕ್ಕಿಂತ ಎತ್ತರ ಇರಬೇಕು, ಪ್ರತಿ ತಗ್ಗೂ ಎತ್ತರದಾಗ ಇರಬೇಕು ಅನ್ನೋದು ಅಮೆರಿಕದ ಪತ್ರಕರ್ತ ಚಾರ್ಲ್ಸ್ ಡೋ ಕಾಲದಿಂದ ಬಂದ ಮಾತು, ಓದಿದ್ದೆ, ಆದ್ರ ಸ್ಕೇಲ್ ಇಟ್ಟು ಅಳೆದಾಗಲೇ ತಲ್ಯಾಗ ಇಳಿದದ್ದು. ತಗೊಳ್ಳಲಿಲ್ಲ. ಫೆಬ್ರವರಿ ಮುಗಿಯೋ ಹೊತ್ತಿಗೆ 22,124.

ಇನ್ನೊಂದು ಸಣ್ಣ ತಕರಾರು ಮರೆತಿದ್ದೆ. 2024ರ ಅಕ್ಟೋಬರ್ 28ಕ್ಕ ರಿಲಯನ್ಸ್ ಒಂದಕ್ಕೊಂದು ಬೋನಸ್ (ಒಂದು ಶೇರಿಗೆ ಇನ್ನೊಂದು ಪುಗಸಟ್ಟೆ) ಆದಾಗ ಆ್ಯಪ್ ಹಳೆ ರೇಟೆಲ್ಲ ಅರ್ಧ ಮಾಡಿ ತೋರಿಸ್ತು, ಅದು ಸರಿನ, ಆದ್ರ ನಾನು 2,500ಕ್ಕ ಹಾಕಿದ್ದ ಗೆರಿ ಅಲ್ಲೇ ಆಕಾಶದಾಗ ನೇತಾಡ್ತಿತ್ತು. ಉಳೀಬೇಕಾದ ಗೆರಿ ಉಳಿಯಲ್ಲ, ಹೋಗಬೇಕಾದದ್ದು ಹೋಗಲ್ಲ.

ಐದಕ್ಕ ಮೂರು ಸ್ಟಾರ್. ಲಾಗ್ ಬಟನ್‌ಗೆ ಒಂದು, ತಿಂಗಳ ಚಾರ್ಟ್‌ಗೆ ಒಂದು, ಪುಗಸಟ್ಟೆ ಐತಿ ಅಂತ ಒಂದು. ದಿನಾ ಟ್ರೇಡ್ ಮಾಡೋರಿಗೆ ಬ್ಯಾರೆ ಅನಸಬಹುದು, ನಂಗ ಅಷ್ಟು ರೊಕ್ಕಾನೂ ಇಲ್ಲ ಪುರಸೊತ್ತೂ ಇಲ್ಲ. ಮೊನ್ನೆ ಆಗಸ್ಟಿನಾಗ ಮೊದಲನೇ ಹಾಳಿ ಬಲಗಡಿ ಅಂಚಿಗೆ ಮುಟ್ಟಿ ಮುಗೀತು, ಎರಡನೇ ಹಾಳಿ 21,500ರಿಂದ ಶುರು ಮಾಡೀನಿ. ಮಗಳು ಈಗ ಹತ್ತನೇ ಕ್ಲಾಸು, ತನ್ನ ಗ್ರಾಫ್ ಬುಕ್ಕಿಗೆ ಬೀಗ ಹಾಕಿ ಇಡ್ತಾಳ, ನಂದು ನಾನ ಕೊಂಡು ತಂದೀನಿ.