ಸುಣ್ಣ, ಕೂಲರ್, ಏಸಿ: ವಿಜಯಪುರದ ಬಿಸಿಲಿಗೆ ನಾನು ಮಾಡಿ ನೋಡಿದ್ದು

ನಮ್ಮದು ವಿಜಯಪುರದಲ್ಲಿ ಮೇಲಿನ ಮಹಡಿಯ ಮನೆ. ತಲೆ ಮೇಲೆ ಐದಿಂಚಿನ ಸ್ಲ್ಯಾಬ್, ಅದರ ಮೇಲೆ ಸೀದಾ ಸೂರ್ಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮೂರು ಬೇಸಿಗೆಯಲ್ಲಿ ಒಂದೊಂದೇ ಉಪಾಯ ಮಾಡುತ್ತಾ ಬಂದೆ. ಮೊದಲು ಕೂಲರ್, ಆಮೇಲೆ ಏಸಿ, ಕೊನೆಗೆ ಮಾಳಿಗೆಗೆ ಸುಣ್ಣ. ಈಗ ನೋಡಿದರೆ ಪೂರ್ತಿ ಉಲ್ಟಾ ಮಾಡಿದ್ದೇನೆ. ಮೊದಲು ಸುಣ್ಣ ಹಚ್ಚಿದ್ದರೆ ಏಸಿ ದುಡ್ಡು ಉಳಿಯುತ್ತಿತ್ತೋ ಏನೋ.

ಫ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈ ಮೇಲಿನ ಬೆವರು ಆರಿಸುತ್ತದೆ ಅಷ್ಟೇ. ಸ್ಲ್ಯಾಬ್ ಕಾದಿದ್ದಾಗ ಮೇಲಿನ ಬಿಸಿ ಗಾಳಿಯನ್ನೇ ತಂದು ತಲೆ ಮೇಲೆ ಸುರಿಯುತ್ತದೆ. ಹಳೇ ಫ್ಯಾನಿಗೆ 75 ವ್ಯಾಟ್ ಹೋಗುವ ಕಡೆ ಹೊಸ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನಿಗೆ 30ರ ಆಸುಪಾಸು ಸಾಕು. ಬದಲಿಸಿದ್ದಕ್ಕೆ ಬಿಲ್ ಇಳಿಯಿತು, ಸೆಕೆ ಇಳಿಯಲಿಲ್ಲ.

ಕೂಲರ್ ತಂದ ದಿನ ನಾನು ಮಾಡಿದ ದಡ್ಡತನ ಬಹಳ ಮನೆಗಳಲ್ಲಿ ಈಗಲೂ ನಡೆಯುತ್ತದೆ. ಕೋಣೆ ನಡುವೆ ಕೂಲರ್ ಇಟ್ಟು, ತಂಪು ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲು ಎಲ್ಲಾ ಹಾಕಿಬಿಟ್ಟೆ. ಅರ್ಧ ತಾಸು ಸ್ವರ್ಗ. ಆಮೇಲೆ ಹಾಸಿಗೆ ಒದ್ದೆ, ಮೈಯೆಲ್ಲ ಅಂಟು, ಉಸಿರು ಕಟ್ಟಿದ ಹಾಗೆ. ಇಂಡಿ ತಾಲ್ಲೂಕಿನಿಂದ ಬಂದಿದ್ದ ಕಾಕಾ ನೋಡಿ ನಕ್ಕರು. "ಬಾಗಲಾ ಹಾಕ್ಕೊಂಡು ಕುಂತೀಯಲ್ಲೋ ತಮ್ಮಾ, ಒಳಗ ಬಂದ ಗಾಳಿ ಎಲ್ಲಿಂದ ಹೊರಗ ಹೋಗಬೇಕು?" ವಿಷಯ ಇರುವುದೇ ಅಲ್ಲಿ. ಕೂಲರ್ ಕೆಲಸ ನೀರು ಆವಿ ಮಾಡುವುದು. ಒಂದು ಲೀಟರ್ ನೀರು ಆವಿಯಾದರೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಎಳೆದುಕೊಳ್ಳುತ್ತದೆ. ಆ ಆವಿ ಒಳಗೇ ಉಳಿದರೆ ಮುಂದಿನ ನೀರು ಆವಿಯಾಗುವುದಿಲ್ಲ. ಅದಕ್ಕೆ ಕೂಲರ್ ಬೆನ್ನು ಕಿಟಕಿಯ ಹೊರಗೆ, ಬಾಯಿ ಒಳಗೆ, ಎದುರಿನ ಬಾಗಿಲು ತೆರೆದಿರಬೇಕು. ಹೀಗೆ ಕೂರಿಸಿದ ಮೇಲೆ ಹೊರಗೆ 41 ಇದ್ದ ಮಧ್ಯಾಹ್ನ ಕೂಲರ್ ಬಾಯಿಗೆ ಥರ್ಮಾಮೀಟರ್ ಹಿಡಿದೆ, 28 ತೋರಿಸಿತು. ನಮ್ಮ ಕಡೆಯ ಬಿಸಿಲು ಒಣ ಬಿಸಿಲು, ಅದೇ ಕೂಲರಿಗೆ ವರ. ಮಂಗಳೂರಿನ ತಂಗಿ ಮನೆಗೆ ಇದನ್ನೇ ಕೊಟ್ಟರೆ ಗೋಡೆಗೆ ಬೂಸಲು ಬರುತ್ತದೆ ಅಷ್ಟೇ.

ಆದರೆ ನೀರು! ನಮ್ಮ ಓಣಿಗೆ ನಳದ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. 40 ಲೀಟರ್ ಟಾಕಿ ಮಧ್ಯಾಹ್ನ ತುಂಬಿಸಿದರೆ ಸಂಜೆಗೆ ಖಾಲಿ, ರಾತ್ರಿಗೆ ಮತ್ತೊಂದು ಸಲ. ಕುಡಿಯುವ ನೀರನ್ನು ಇದಕ್ಕೆ ಹಾಕಲು ಅವ್ವ ಬಿಡುವುದಿಲ್ಲ, ಹಾಗಾಗಿ ಬೋರಿನ ಸವಳು ನೀರೇ ಗತಿ. ಮೊದಲು ಜೇನುಗೂಡಿನಂಥ ಪ್ಯಾಡ್ ಇತ್ತು. ಮೂರು ವರ್ಷ ಬಾಳಿಕೆ ಅಂದಿದ್ದರು ಅಂಗಡಿಯವರು. ಎರಡನೇ ಬೇಸಿಗೆಗೆ ಅದರ ತೂತೆಲ್ಲ ಉಪ್ಪು ಕಟ್ಟಿ ಬೆಳ್ಳಗಾಗಿ, ಗಾಳಿಯೇ ಬರಲಿಲ್ಲ. ಈಗ ಹಳೇ ಹುಲ್ಲಿನ ಪ್ಯಾಡಿಗೇ ವಾಪಸ್ ಬಂದಿದ್ದೇನೆ. ಅಗ್ಗ. ವರ್ಷಕ್ಕೊಮ್ಮೆ ಕಿತ್ತು ಬಿಸಾಕಿ ಹೊಸದು ಹಾಕುತ್ತೇನೆ. ಸಿಹಿ ನೀರು ಇರುವವರಿಗೆ ಜೇನುಗೂಡೇ ಒಳ್ಳೆಯದು, ಸವಳು ನೀರಿನವರು ಹುಲ್ಲು ಹಾಕಿ. ಇನ್ನೊಂದು ಮಾತು, ವಾರಕ್ಕೊಮ್ಮೆ ಟಾಕಿ ಪೂರ್ತಿ ಖಾಲಿ ಮಾಡಿ ತಿಕ್ಕಿ ಒಣಗಿಸಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ.

ಅಡ್ಡಮಳೆ ಬಿದ್ದ ಮರುದಿನ ಕೂಲರ್ ಕೈ ಕೊಡುತ್ತದೆ. ಮೇ ಕೊನೆಗೆ ರೋಹಿಣಿ ಹೊತ್ತಿಗೆ ಗಾಳಿಯಲ್ಲೇ ತೇವ ಇರುತ್ತದೆ. ಹೊರಗೆ 34 ಇದ್ದರೂ 41ರ ದಿನಕ್ಕಿಂತ ಜಾಸ್ತಿ ಹಿಂಸೆ. ಆಗ ಬರೀ ಫ್ಯಾನೇ ವಾಸಿ, ಅಥವಾ ಏಸಿ.

ಏಸಿಗೆ ಬರೋಣ. ಒಂದೂವರೆ ಟನ್ನಿಂದು, ಕಂತಿನ ಮೇಲೆ ತಂದೆ. ತಂಪಿನ ವಿಷಯದಲ್ಲಿ ಏಸಿಗೆ ಏಸಿಯೇ ಸಾಟಿ, ಮಾತಿಲ್ಲ. ತಂಪೂ ಹೌದು, ತೇವವನ್ನೂ ಹೀರುತ್ತದೆ. ಧೂಳಿಲ್ಲ, ನೀರು ತುಂಬಿಸುವ ಕಾಟ ಇಲ್ಲ. ಆದರೆ ನಮ್ಮ ಮನೆಯಲ್ಲಿ ಗೃಹಜ್ಯೋತಿ ಲೆಕ್ಕ ಇದೆ. ಹಿಂದಿನ ಬಳಕೆಯ ಸರಾಸರಿಗೆ ಶೇ 10 ಸೇರಿಸಿ ಅಷ್ಟು ಕರೆಂಟ್ ಫ್ರೀ. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಮೀಟರ್ ನೋಡಿ ಬರೆದಿಟ್ಟುಕೊಂಡೆ: ರಾತ್ರಿ ಎಂಟು ತಾಸಿಗೆ 6ರಿಂದ 7 ಯೂನಿಟ್. ತಿಂಗಳಿಗೆ ಅದೊಂದೇ 200ರ ಹತ್ತಿರ ಹೋಗುತ್ತದೆ, ಅಲ್ವಾ? ಕೂಲರ್ ಹತ್ತು ತಾಸು ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ. ಸೊನ್ನೆ ಬಿಲ್ ನೋಡಿ ರೂಢಿಯಾದ ಕಣ್ಣಿಗೆ ಆ ಮೇ ತಿಂಗಳ ಬಿಲ್ ನೋಡಿ ಬೆವರು ಬಂತು, ಏಸಿ ಕೋಣೆಯಲ್ಲೇ. 18ಕ್ಕೆ ಇಟ್ಟು ರಗ್ಗು ಹೊದ್ದುಕೊಳ್ಳುವ ಶೋಕಿ ಅವತ್ತೇ ಬಿಟ್ಟೆ. ಈಗ 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಚ್ಚುತ್ತೇವೆ, ಸಾಕಾಗುತ್ತದೆ.

ಏಸಿ ಹಾಕಿದ ಮೇಲೂ ಒಂದು ಅನುಮಾನ ಉಳಿದಿತ್ತು. ರಾತ್ರಿ ಎಂಟಕ್ಕೆ ಹೊರಗೆ ಗಾಳಿ ತಂಪಾಗಿರುತ್ತದೆ, ಒಳಗೆ ಮಾತ್ರ ಒಲೆ ಮುಂದೆ ಕೂತ ಹಾಗೆ, ಯಾಕೆ? ಒಂದು ದಿನ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಇಟ್ಟೆ. ರೊಟ್ಟಿ ಸುಟ್ಟು ಇಳಿಸಿದ ಹಂಚಿನ ಹಾಗಿತ್ತು. ಮಧ್ಯಾಹ್ನ ಕುಡಿದ ಬಿಸಿಲನ್ನು ಸ್ಲ್ಯಾಬ್ ನಾಲ್ಕೈದು ತಾಸು ಬಿಟ್ಟು ನಮ್ಮ ಮೇಲೆ ಕಾರುತ್ತದೆ. ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ, ಬಿಸಿಲಿನ ಕಾವು ಸ್ವಲ್ಪ ಒಳಗೆ ಬರುವಷ್ಟರಲ್ಲೇ ರಾತ್ರಿಯಾಗಿ ಹೊರಗಿನಿಂದ ಗೋಡೆ ಆರಲು ಶುರುವಾಗಿರುತ್ತದೆ. ಊರಲ್ಲಿ ನಮ್ಮ ಹಳೇ ಮನೆಗೂ ಜಂತಿ ಮೇಲೆ ಮೊಳದಷ್ಟು ಮಣ್ಣಿತ್ತು, ಮಧ್ಯಾಹ್ನ ಅಲ್ಲಿ ನಿದ್ದೆ ಬರುತ್ತಿತ್ತು. ಐದಿಂಚು ಕಾಂಕ್ರೀಟಿಗೆ ಆ ತಾಕತ್ತಿಲ್ಲ. ನಾನು ಏಸಿ ಹಚ್ಚಿ ಆರಿಸುತ್ತಿದ್ದುದು ಕೋಣೆಯನ್ನಲ್ಲ, ಆ ಸ್ಲ್ಯಾಬನ್ನು.

ಹಾಗಾಗಿ ಮೂರನೇ ವರ್ಷ ಶಿವರಾತ್ರಿ ಮುಗಿದ ಕೂಡಲೇ ಸುಣ್ಣ. ಹರಳು ಸುಣ್ಣ ತಂದು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿದೆ (ಪ್ಲಾಸ್ಟಿಕ್ ಬಕೆಟ್ ಬೇಡ, ಅದು ಕುದಿಯುತ್ತದೆ, ಮಕ್ಕಳನ್ನೂ ದೂರ ಇಡಿ), ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹಿಡಿದುಕೊಳ್ಳಲಿ ಅಂತ ಸ್ವಲ್ಪ ಫೆವಿಕಾಲ್ ಕಲಸಿ, ಗುಡಿಸಿ ತೊಳೆದ ಮಾಳಿಗೆ ಮೇಲೆ ಸಂಜೆ ಹೊತ್ತು ಮೂರು ಕೋಟ್ ಬಳಿದೆ. ಬ್ರಶ್ಶೂ ಸೇರಿ 700 ರೂಪಾಯಿ ಮುಟ್ಟಲಿಲ್ಲ. ಸೊಂಟ ಮಾತ್ರ ಎರಡು ದಿನ ಹಿಡಿದಿತ್ತು. ಮೊದಲು ರಾತ್ರಿ ಎಂಟಕ್ಕೆ ಒಳಗೆ 36 ತೋರಿಸುತ್ತಿದ್ದ ಥರ್ಮಾಮೀಟರ್, ಅಂಥದ್ದೇ ಬಿಸಿಲಿನ ದಿನ 33ಕ್ಕೆ ನಿಂತಿತು. ಮೂರೇ ಡಿಗ್ರಿಯಾ ಅನ್ನಬೇಡಿ. ಛಾವಣಿಗೆ ಕೈ ಇಟ್ಟರೆ ಸುಡುವುದು ನಿಂತಿತು, ಏಸಿ ರಾತ್ರಿಗೆ 4–5 ಯೂನಿಟ್‌ಗೆ ಇಳಿಯಿತು, ಎಷ್ಟೋ ರಾತ್ರಿ ಅದನ್ನು ಹಚ್ಚಲೇ ಇಲ್ಲ. ಕಷ್ಟಗಳೂ ಇವೆ. ಮಧ್ಯಾಹ್ನ ಮಾಳಿಗೆ ಹತ್ತಿದರೆ ಕಣ್ಣು ಕುಕ್ಕುತ್ತದೆ, ಸಂಡಿಗೆ ಹಾಕಲು ಹೋದ ಅವ್ವನ ಸೀರೆ ಅಂಚೆಲ್ಲ ಬಿಳಿ, ಧೂಳು ಕೂತರೆ ಕೆಲಸ ಕಡಿಮೆಯಾಗುತ್ತದೆ, ಒಂದು ಮಳೆಗಾಲಕ್ಕೆ ಅರ್ಧ ತೊಳೆದೇ ಹೋಗುತ್ತದೆ. ಪ್ರತಿ ವರ್ಷ ಬಳಿಯಬೇಕು.

ಒದ್ದೆ ಗೋಣಿಚೀಲವನ್ನೂ ಕಿಟಕಿಗೆ ಕಟ್ಟಿ ನೋಡಿದೆ. ಗಾಳಿ ಬೀಸಿದರೆ ತಂಪು, ಇಲ್ಲದಿದ್ದರೆ ಬರೀ ವಾಸನೆ. ಲಾವಂಚದ ಪರದೆ ಘಮಘಮ ಅನ್ನುತ್ತದೆ ನಿಜ, ಆದರೆ ತಾಸಿಗೊಮ್ಮೆ ನೀರು ಚಿಮುಕಿಸಲು ಮನೆಯಲ್ಲಿ ಯಾರು ಕೂತಿರುತ್ತಾರೆ?

ಈ ವರ್ಷ ಸುಣ್ಣ ಆಗಿದೆ, ಹೊಸ ಹುಲ್ಲು ತುಂಬಿದೆ. ಏಪ್ರಿಲ್‌ನಲ್ಲಿ ಕೂಲರ್, ಅಡ್ಡಮಳೆ ಬಿದ್ದ ಮೇಲೆ ಏಸಿ, ಅದೂ ಮಲಗುವಾಗ ಮಾತ್ರ. ಅವ್ವನಿಗೆ ಇದು ಯಾವುದೂ ಬೇಕಿಲ್ಲ. ಊಟ ಆದ ಮೇಲೆ ಮಾಳಿಗೆಗೆ ಎರಡು ಕೊಡ ನೀರು ಸುರಿದು, ಹಾಸಿಗೆ ಹಾಸಿ ಮಲಗಿಬಿಡುತ್ತಾಳೆ. ಬೆಳಗಿನ ಜಾವಕ್ಕೆ ಅವಳಿಗೆ ಅಲ್ಲಿ ಚಾದರ ಬೇಕು. ಹೋದ ಮೇನಲ್ಲಿ ನಡುರಾತ್ರಿ ಗುಡುಗು ಬಂದು ಹಾಸಿಗೆ, ದಿಂಬು, ಅವ್ವ ಎಲ್ಲಾ ತೊಯ್ದು ಕೆಳಗೆ ಬಂದಾಗ ಏಸಿ ಕೋಣೆ ಬಾಗಿಲು ತೆಗೆದೆ. "ಇಲ್ಲಿ ಥಂಡಿ ಭಾಳ ಐತಿ" ಅಂತ ಅಡುಗೆಮನೆಯಲ್ಲಿ ಮಲಗಿದಳು.