ಗಣಿ ಪಕ್ಕದ ಮನೆಗೆ ಆರ್‌ಓ ಬೇಕೋ, ಮಳೆನೀರ ತೊಟ್ಟಿಯೋ?

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರು, ಇಂಗಳದಾಳಿನಲ್ಲಿ ಈಗ ಮುಚ್ಚಿರುವ ತಾಮ್ರದ ಗಣಿ. ಇಲ್ಲಿ ಬೋರ್‌ವೆಲ್ ನೀರು ಕುಡಿಯುವವರು ಮೊದಲು ಸೀಸ, ಆರ್ಸೆನಿಕ್, ಮ್ಯಾಂಗನೀಸ್ ಎಂದು ಹೆಸರು ಹೇಳಿಯೇ ಲ್ಯಾಬ್ ಪರೀಕ್ಷೆ ಮಾಡಿಸಿ. ನೀರಲ್ಲಿ ಕರಗಿದ ಒಟ್ಟು ಲವಣವನ್ನಷ್ಟೇ ತೋರಿಸುವ ಟಿಡಿಎಸ್ ಮೀಟರ್ ಇವನ್ನು ಗುರುತಿಸದು. ಸೀಸ, ಆರ್ಸೆನಿಕ್ ಎರಡಕ್ಕೂ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಕುದಿಸಿದರೆ ಲೋಹ ಹೋಗದು, ನೀರು ಇಂಗಿ ಪ್ರಮಾಣ ಏರುತ್ತದೆ.

ಆರ್‌ಓ ಸೀಸವನ್ನು ಚೆನ್ನಾಗಿ ತಡೆಯುತ್ತದೆ. ಆರ್ಸೆನಿಕ್‌ನ ಒಂದು ರೂಪ ಮಾತ್ರ ನುಸುಳಬಹುದು, ಹಾಗಾಗಿ ಶೋಧಿಸಿದ ನೀರನ್ನೂ ಪರೀಕ್ಷಿಸಿ. ಕಬ್ಬಿಣ ಹೆಚ್ಚಿದ್ದರೆ ಆರ್‌ಓ ಒಳಗಿನ ಶೋಧಕ ಪೊರೆ (ಮೆಂಬ್ರೇನ್) ಬೇಗ ಕಟ್ಟಿಕೊಳ್ಳುತ್ತದೆ. ನೀರು ಆರ್‌ಓಗೆ ಹೋಗುವ ಮೊದಲೇ ಐರನ್ ಫಿಲ್ಟರ್ ಕೂರಿಸಿ. ಆರ್‌ಓ ಹೊರಬಿಡುವ ತ್ಯಾಜ್ಯ ನೀರಲ್ಲಿ ಲೋಹ ಇನ್ನೂ ಜಾಸ್ತಿ, ದನಕರುಗಳಿಗೆ ಖಂಡಿತ ಇಡಬೇಡಿ.

ಮಳೆನೀರಿಗೆ ಶತ್ರು ಅದಿರಿನ ಧೂಳು. 100 ಚದರ ಮೀಟರ್ ತಾರಸಿಯಾದರೆ ಧೂಳು ತೊಳೆದು ಬರುವ ಮೊದಲ 200 ಲೀಟರ್ ಹೊರಗೆ ಬಿಡಿ. ತೊಟ್ಟಿಗೆ ಜಾಗವಿದ್ದರೆ, ಅದರಲ್ಲೂ ಮನೆಯಲ್ಲಿ ಬಸುರಿ, ಹಸುಗೂಸು ಇದ್ದರೆ, ನಮ್ಮ ಆಯ್ಕೆ ಮಳೆನೀರೇ.