ಗ್ರಾಂಟ್‌ಗೆ ಅರ್ಜಿ ಹಾಕುವ ಮುಂಚೆ, ಸಬ್ಮಿಟ್ ಬಟನ್ ಯಾರ ಕೈಯಲ್ಲಿದೆ ಅಂತ ಕೇಳಿ

ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಮೊದಲ ಸಲ ಸಂಶೋಧನಾ ಗ್ರಾಂಟ್‌ಗೆ ಅರ್ಜಿ ಹಾಕಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಪೋಸಲ್ ಗಟ್ಟಿಯಾಗಿದ್ದರೆ ಸಾಕು, ಉಳಿದದ್ದನ್ನೆಲ್ಲ ಆಫೀಸಿನವರು ನೋಡಿಕೊಳ್ಳುತ್ತಾರೆ ಅಂತ ದಯವಿಟ್ಟು ನಂಬಿ ಕೂರಬೇಡಿ. ನಮ್ಮ ಪ್ರಪೋಸಲ್ ರಿವ್ಯೂನಲ್ಲಿ ಬಿದ್ದುಹೋಗಲಿಲ್ಲ. ಅದನ್ನು ಒಬ್ಬ ರಿವ್ಯೂವರ್ ಕೂಡ ಓದಲಿಲ್ಲ. ನಮ್ಮ ಸಂಸ್ಥೆಯ ಒಳಗೇ ಉಳಿದುಹೋಯಿತು.

ಹೊಸಬರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ದೊಡ್ಡ ಗ್ರಾಂಟ್‌ಗಳಲ್ಲಿ ಸಾಮಾನ್ಯವಾಗಿ ಅರ್ಜಿದಾರರು ನೀವಲ್ಲ, ನಿಮ್ಮ ಸಂಸ್ಥೆ. ನೀವು ಪಿಐ, ಅಂದರೆ ಕೆಲಸದ ಹೊಣೆ ಹೊತ್ತವರು. ಹಣ ಬರುವುದು ಸಂಸ್ಥೆಯ ಖಾತೆಗೆ, ಲೆಕ್ಕ ಒಪ್ಪಿಸುವುದೂ ಸಂಸ್ಥೆಯೇ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನಲ್ಲಿ, ಅರ್ಜಿ ಹಾಕುವ ಸಂಸ್ಥೆಯ ಪರವಾಗಿ ಸಹಿ ಹಾಕುವವರಿಗೆ 'ಸೈನಿಂಗ್ ಆಫಿಷಿಯಲ್' ಅಂತ ಬೇರೆಯೇ ಲಾಗಿನ್ ಇರುತ್ತದೆ. ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಎನ್‌ಎಸ್‌ಎಫ್‌ಗೂ ಸಂಸ್ಥೆ ಅಧಿಕಾರ ಕೊಟ್ಟ ಪ್ರತಿನಿಧಿಯೇ ಪ್ರಪೋಸಲ್ ಕಳಿಸಬೇಕು. ಯುರೋಪಿನ ಸಂಶೋಧನಾ ಮಂಡಳಿ ಇಆರ್‌ಸಿಯಲ್ಲಿ ಸಂಶೋಧಕರ ಹೆಸರಿಗೇ ಹೆಚ್ಚು ತೂಕ. ಆದರೆ ಅಲ್ಲೂ ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ಜೊತೆಗಿರಲೇಬೇಕು. ಅಂದರೆ ನೀವು ಎಷ್ಟೇ ಬರೆಯಿರಿ, ಕೊನೆಯ ಬಟನ್ ಒತ್ತುವುದು ಇನ್ನೊಬ್ಬರು. ಆ ಇನ್ನೊಬ್ಬರು ಯಾರು, ಆ ದಿನ ಎಲ್ಲಿರುತ್ತಾರೆ ಅನ್ನೋದು ನಿಮ್ಮ ಸಂಶೋಧನಾ ಪ್ರಶ್ನೆಯಷ್ಟೇ ಮುಖ್ಯ.

ನಮಗೆ ಆದದ್ದು ಹೀಗೆ.

ನಾವು ಮೂವರು. ಇಬ್ಬರು ಬೇರೆ ವಿಶ್ವವಿದ್ಯಾಲಯದವರು, ಪಿಐ ನಾನು. ಕಾಲ್, ಅಂದರೆ ಗ್ರಾಂಟ್‌ಗೆ ಅರ್ಜಿ ಕರೆದ ಪ್ರಕಟಣೆ, ಬಂದ ದಿನವೇ ನಮ್ಮ ರಿಸರ್ಚ್ ಆಫೀಸಿಗೆ ಮೇಲ್ ಮಾಡಿ ತಿಳಿಸಿದ್ದೆ. ಡೆಡ್‌ಲೈನ್‌ಗಿಂತ ಒಂದು ವಾರ ಮೊದಲು ಎಲ್ಲ ಕಾಗದ ಪತ್ರ ಕೊಡಬೇಕು ಅನ್ನೋದು ಅವರ ನಿಯಮ. ಅದಕ್ಕೂ ಮೊದಲೇ ಕೊಟ್ಟೆವು. ಪ್ರಾಜೆಕ್ಟ್ ವಿವರಣೆ, ಬಜೆಟ್, ಬಜೆಟ್‌ಗೆ ಸಮರ್ಥನೆ, ಮೂವರ ಬಯೋಡೇಟಾ, ಡೇಟಾ ನಿರ್ವಹಣೆಯ ಯೋಜನೆ, ಜೊತೆಗಾರ ಸಂಸ್ಥೆಯ ಸಹಿ ಇರುವ ಪತ್ರ, ಎಲ್ಲವೂ ಗ್ರಾಂಟ್ ಕೊಡುವವರ ಪೋರ್ಟಲ್‌ನಲ್ಲಿತ್ತು. 'ತಲುಪಿದೆ, ಪರಿಶೀಲಿಸುತ್ತೇವೆ' ಅಂತ ಆಫೀಸಿನಿಂದ ಒಂದು ಸಾಲಿನ ಉತ್ತರ ಬಂತು. ಆಮೇಲೆ ಸದ್ದೇ ಇಲ್ಲ. ಎರಡು ಸಲ ನೆನಪು ಮಾಡಿದೆ. 'ಸರದಿಯಲ್ಲಿದೆ' ಅಂದರು.

ಕೊನೆಯ ದಿನ ಬೆಳಿಗ್ಗೆ ಪೋರ್ಟಲ್ ತೆರೆದು ನೋಡಿದರೆ ಬಜೆಟ್ ಪುಟದ ಮೇಲೆ ಕೆಂಪು ಪಟ್ಟಿ. ಒಟ್ಟು ಮೊತ್ತ ಮಿತಿ ಮೀರಿದೆ ಅಂತ. ನಾವು ಕೊಟ್ಟಾಗ ಮಿತಿಯೊಳಗೇ ಇತ್ತು. ನಮಗೆ ಹೇಳದೆ ಹಣಕಾಸು ವಿಭಾಗದವರು ಓವರ್‌ಹೆಡ್ ದರ ಬದಲಾಯಿಸಿದ್ದರು.

ಈ ಓವರ್‌ಹೆಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಜಗಳ ಹುಟ್ಟುವ ಜಾಗವೇ ಇದು. ಪ್ರಾಜೆಕ್ಟ್‌ಗೆ ನೇರವಾಗಿ ತಗಲುವ ಖರ್ಚು ಒಂದು ಕಡೆ: ಸಂಬಳ, ಉಪಕರಣ, ಪ್ರಯಾಣ. ಕಟ್ಟಡ, ಕರೆಂಟು, ಲೈಬ್ರರಿ, ಲೆಕ್ಕಪತ್ರದ ಸಿಬ್ಬಂದಿ ಅಂತ ಸಂಸ್ಥೆ ಕೇಳುವ ಪಾಲು ಇನ್ನೊಂದು ಕಡೆ. ಅದೇ ಓವರ್‌ಹೆಡ್. ಎಷ್ಟು ಕೊಡಬೇಕು ಅನ್ನೋದನ್ನು ಫಂಡರ್, ಅಂದರೆ ಹಣ ಕೊಡುವವರು, ಒಬ್ಬೊಬ್ಬರು ಒಂದೊಂದು ಥರ ತೀರ್ಮಾನಿಸುತ್ತಾರೆ. ಐರೋಪ್ಯ ಒಕ್ಕೂಟದ ಸಂಶೋಧನಾ ಯೋಜನೆ ಹೊರೈಜನ್ ಯೂರೋಪ್‌ನಲ್ಲಿ ಸಾಮಾನ್ಯವಾಗಿ ನೇರ ಖರ್ಚಿನ ಮೇಲೆ ಶೇ 25. ಅಮೆರಿಕದಲ್ಲಿ ಹೆಚ್ಚಾಗಿ ಪ್ರತಿ ವಿಶ್ವವಿದ್ಯಾಲಯವೂ ಸರ್ಕಾರದ ಜೊತೆ ಮಾತಾಡಿ ತನ್ನದೇ ದರ ಗೊತ್ತುಮಾಡಿಕೊಂಡಿರುತ್ತದೆ. ಎಷ್ಟೋ ಖಾಸಗಿ ಪ್ರತಿಷ್ಠಾನಗಳು ತೀರಾ ಕಡಿಮೆ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ.

ಇನ್ನೂ ಒಂದು ತೊಡಕಿದೆ. ಕಾಲ್‌ನಲ್ಲಿ ಹೇಳಿದ ಗರಿಷ್ಠ ಮೊತ್ತದಲ್ಲಿ ಓವರ್‌ಹೆಡ್ ಸೇರಿದೆಯೋ ಇಲ್ಲವೋ? ಇಆರ್‌ಸಿಯ ಸ್ಟಾರ್ಟಿಂಗ್ ಗ್ರಾಂಟ್ 15 ಲಕ್ಷ ಯೂರೋವರೆಗೆ ಅಂದಾಗ ಅದರಲ್ಲಿ ಓವರ್‌ಹೆಡ್ ಸೇರಿಯೇ ಇರುತ್ತದೆ. ಶೇ 25ರ ಲೆಕ್ಕದಲ್ಲಿ ಕೆಲಸಕ್ಕೆ ಉಳಿಯುವುದು 12 ಲಕ್ಷ. ಎನ್‌ಐಎಚ್‌ನ ಮಾಡ್ಯುಲರ್ ಬಜೆಟ್‌ನಲ್ಲಿ (ಸಾಲು ಸಾಲು ವಿವರ ಬೇಡದ ಸರಳ ಬಜೆಟ್) ವರ್ಷಕ್ಕೆ 2,50,000 ಡಾಲರ್ ಅನ್ನೋದು ಬರೀ ನೇರ ಖರ್ಚಿನ ಮಿತಿ, ಓವರ್‌ಹೆಡ್ ಅದರ ಮೇಲೆ. ಒಂದೇ ಥರ ಕಾಣುವ ಎರಡು ಅಂಕಿ, ಅರ್ಥ ಮಾತ್ರ ಪೂರ್ತಿ ಬೇರೆ.

ನಮ್ಮ ಫಂಡರ್ ಓವರ್‌ಹೆಡ್‌ಗೆ ಒಂದು ಮಿತಿ ಹಾಕಿದ್ದರು. ಗರಿಷ್ಠ ಮೊತ್ತ ಓವರ್‌ಹೆಡ್ ಸೇರಿಸಿಯೇ ಅಂತಲೂ ಕಾಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಪ್ಯಾರಾವನ್ನು ನಾನು ಬಜೆಟ್ ಜೊತೆಗೇ ಕಳಿಸಿದ್ದೆ. ಹಣಕಾಸು ವಿಭಾಗದವರು ಅದನ್ನು ನೋಡದೆ ತಮ್ಮ ಮಾಮೂಲಿ ದರ ಹಾಕಿಬಿಟ್ಟಿದ್ದರು. ಫೋನ್ ಮಾಡಿದೆ. 'ನಮ್ಮ ದರಕ್ಕಿಂತ ಕಡಿಮೆ ಒಪ್ಪಬೇಕು ಅಂದರೆ ಮೇಲಿನವರ ಮಂಜೂರಾತಿ ಬೇಕು' ಅಂದರು. ಅದನ್ನು ಒಂದು ವಾರದ ಹಿಂದೆ ಹೇಳಬಹುದಿತ್ತು ಅಲ್ವಾ? ಮಂಜೂರಾತಿಗೆ ಓಡಾಡಿ, ಸಹಿ ಸಿಕ್ಕಿ, ಬಜೆಟ್ ಮತ್ತೆ ಮೊದಲಿನಂತೆ ಆಗುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಕೆಂಪು ಪಟ್ಟಿ ಹೋಯಿತು. ಉಳಿದದ್ದು ಸಬ್ಮಿಟ್ ಒಂದೇ.

ಸಬ್ಮಿಟ್ ಮಾಡುವ ಅಧಿಕಾರ ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬರಿಗೇ ಇತ್ತು. ಅವರು ಆ ದಿನ ವಿಮಾನದಲ್ಲಿದ್ದರು.

ಬದಲಿ ವ್ಯಕ್ತಿಯ ಹೆಸರು ಆಫೀಸಿನ ಕಾಗದದಲ್ಲಿ ಇತ್ತು, ಪೋರ್ಟಲ್‌ನಲ್ಲಿ ಸೇರಿಸಿರಲಿಲ್ಲ. ಸೇರಿಸಬೇಕು ಅಂದರೆ ಇರುವ ಅಧಿಕಾರಿಯೇ ಲಾಗಿನ್ ಆಗಬೇಕು. ಆಫೀಸಿನ ಹುಡುಗಿಯೊಬ್ಬಳು, ಈ ಗೋಜಲಿನಲ್ಲಿ ಅವಳ ತಪ್ಪೇನೂ ಇಲ್ಲ, ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡುತ್ತಾ ಕೂತಿದ್ದಳು. ನನ್ನ ಸ್ಕ್ರೀನ್ ಮೇಲೆ ಎಲ್ಲ ವಿಭಾಗದ ಮುಂದೆಯೂ ಹಸಿರು ಗುರುತು. ಕೆಳಗೆ ಬೂದು ಬಣ್ಣದ ಬಟನ್, ಒತ್ತಿದರೂ ಒತ್ತದ ಬಟನ್. ಅದರ ಪಕ್ಕದಲ್ಲಿ 'ಸಂಸ್ಥೆಯ ಒಪ್ಪಿಗೆಗೆ ಬಾಕಿ' ಅಂತ ಇತ್ತು. ಐದು ಗಂಟೆಗೆ ಆ ಪುಟ ತಾನಾಗಿ ರಿಫ್ರೆಶ್ ಆಯಿತು. 'ಕಾಲ್ ಮುಗಿದಿದೆ' ಅಂತ ಬಂತು.

ಫಂಡರ್‌ಗೆ ಬರೆದೆವು. ಮರ್ಯಾದೆಯಿಂದಲೇ ಉತ್ತರ ಕೊಟ್ಟರು: ಪೋರ್ಟಲ್‌ನಲ್ಲೇ ದೋಷ ಇದ್ದಿದ್ದರೆ ಪರಿಶೀಲಿಸಬಹುದಿತ್ತು, ಸಂಸ್ಥೆಯ ಒಳಗಿನ ತಡಕ್ಕೆ ವಿನಾಯಿತಿ ಇಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಎಲ್ಲರಿಗೂ ಒಂದೇ ಇರಬೇಕು. ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ನಮ್ಮ ಆಫೀಸಿನ ವರದಿಯಲ್ಲಿ ಕಾರಣ ಅಂತ ಬರೆದದ್ದು 'ಪಿಐ ಕಡೆಯಿಂದ ವಿಳಂಬ'. ಮೇಲ್‌ಗಳೆಲ್ಲ ನನ್ನ ಹತ್ತಿರ ಇದ್ದವು, ತಾರೀಖು ಸಮೇತ. ಅವನ್ನು ಇಟ್ಟು ಆ ಸಾಲನ್ನು ತೆಗೆಸಿದೆ. ಮೇಲ್ ಇಲ್ಲದಿದ್ದರೆ ಅದು ನನ್ನ ಫೈಲಿನಲ್ಲಿ ಹಾಗೇ ಉಳಿಯುತ್ತಿತ್ತು. ಅದಕ್ಕೇ ಹೇಳುವುದು, ಫೋನಿನಲ್ಲಿ ಮಾತಾಡಿದ್ದನ್ನೂ ಆಮೇಲೆ ಎರಡು ಸಾಲಿನ ಮೇಲ್ ಮಾಡಿ ಹಾಕಿ. 'ಈಗ ಮಾತಾಡಿದಂತೆ, ಬಜೆಟ್ ಗುರುವಾರದೊಳಗೆ ನೋಡುತ್ತೀರಿ' ಅಂತ. ಯಾರನ್ನೂ ನೋಯಿಸುವ ಕೆಲಸ ಅಲ್ಲ ಅದು.

ಹೋದದ್ದು ಬರೀ ಹಣ ಅಲ್ಲ. ನಮ್ಮ ಪ್ರಾಜೆಕ್ಟ್ ನಂಬಿಕೊಂಡು ಒಬ್ಬ ವಿದ್ಯಾರ್ಥಿ ಬೇರೆ ಕಡೆ ಸಿಕ್ಕ ಅವಕಾಶ ಬಿಟ್ಟು ಕಾದಿದ್ದ. ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ರಿವ್ಯೂ ಆಗಿ ತಿರಸ್ಕಾರವಾದರೆ ಕನಿಷ್ಠ ರಿವ್ಯೂವರ್‌ಗಳ ಅಭಿಪ್ರಾಯ ಆದರೂ ಸಿಗುತ್ತದೆ, ಮುಂದಿನ ಸಲ ತಿದ್ದಿ ಕಳಿಸಬಹುದು. ಇಲ್ಲಿ ಅದೂ ಇಲ್ಲ. ಒಂದು ಪ್ರಪೋಸಲ್‌ಗೆ ಎಷ್ಟು ದುಡಿಮೆ ಬೇಕು ಅಂತ ಆಸ್ಟ್ರೇಲಿಯಾದಲ್ಲಿ ಲೆಕ್ಕ ಹಾಕಿದ್ದಾರೆ. ಅಲ್ಲಿನ ಆರೋಗ್ಯ ಸಂಶೋಧನಾ ಮಂಡಳಿ ಎನ್‌ಎಚ್‌ಎಂಆರ್‌ಸಿಗೆ 2012ರಲ್ಲಿ ಅರ್ಜಿ ಹಾಕಿದವರನ್ನು ಕೇಳಿದಾಗ, ಹೊಸ ಪ್ರಪೋಸಲ್ ಒಂದಕ್ಕೆ ಸರಾಸರಿ 38 ಕೆಲಸದ ದಿನ ಹಿಡಿದಿತ್ತು. ಅಷ್ಟು ದಿನದ ದುಡಿಮೆ ಒಂದು ಲಾಗಿನ್ ಇಲ್ಲದೆ ಹಾಳಾಗುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಬರೆಯಲು ಕೂರುವ ಮುಂಚೆಯೇ ಆಫೀಸಿಗೆ ಹೋಗಿ ಕೇಳುತ್ತೇನೆ: ಈ ಪೋರ್ಟಲ್‌ನಲ್ಲಿ ಕಳಿಸುವ ಅಧಿಕಾರ ಯಾರಿಗಿದೆ? ಎರಡನೆಯವರು ಯಾರು? ಅವರು ಒಮ್ಮೆಯಾದರೂ ಲಾಗಿನ್ ಆಗಿ ನೋಡಿದ್ದಾರಾ? ಈ ಮೂರನೇ ಪ್ರಶ್ನೆಗೆ ಬಹಳ ಕಡೆ ಉತ್ತರ ಇರುವುದಿಲ್ಲ. ಸಂಸ್ಥೆಯ ನೋಂದಣಿ ಚಾಲ್ತಿಯಲ್ಲಿದೆಯಾ ಅಂತಲೂ ಕೇಳಿ. ಅಮೆರಿಕದ ಸರ್ಕಾರಿ ಗ್ರಾಂಟ್‌ಗಳಿಗೆ ಬೇಕಾದ ಸ್ಯಾಮ್ (SAM.gov) ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಅವಧಿ ಮುಗಿದಿದೆ ಅಂತ ಕೊನೆಯ ದಿನ ಗೊತ್ತಾದರೆ ಏನೂ ಮಾಡಲಾಗದು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು.

ಡೆಡ್‌ಲೈನ್ ಯಾವ ಊರಿನ ಗಡಿಯಾರದ್ದು ಅನ್ನೋದನ್ನೂ ನೋಡಿ. ಇಆರ್‌ಸಿಯದ್ದು ಬ್ರಸೆಲ್ಸ್ ಸಮಯ. ಎನ್‌ಐಎಚ್, ಎನ್‌ಎಸ್‌ಎಫ್‌ನವು ಸಾಮಾನ್ಯವಾಗಿ ಅರ್ಜಿ ಹಾಕುವ ಸಂಸ್ಥೆ ಇರುವ ಜಾಗದ ಸಂಜೆ 5 ಗಂಟೆ. ಎನ್‌ಐಎಚ್‌ನಲ್ಲಿ ಅರ್ಜಿ ತಪ್ಪಿಲ್ಲದೆ ಒಳಗೆ ಹೋದ ಮೇಲೂ ಅದು ಹೇಗೆ ಕಾಣುತ್ತಿದೆ ಅಂತ ನೋಡಿಕೊಳ್ಳಲು ಎರಡು ಕೆಲಸದ ದಿನ ಸಿಗುತ್ತದೆ. ಆದರೆ ಡೆಡ್‌ಲೈನ್ ದಾಟಿದ ಮೇಲೆ ತಿದ್ದಿ ಕಳಿಸಿದರೆ ತಡವಾದ ಅರ್ಜಿಯೇ ಆಗುತ್ತದೆ. ಹಾಗಾಗಿ ಆ ಎರಡು ದಿನವನ್ನು ಡೆಡ್‌ಲೈನ್‌ನಿಂದ ಹಿಂದಕ್ಕೆ ಎಣಿಸಿ.

ಗ್ರಾಂಟ್ ಹುಡುಕುವ ಹಂತದಲ್ಲೇ ಇನ್ನೊಂದು ಹೊಂಡ ಇದೆ. ಆಫೀಸಿನಿಂದ ಬರುವ ಸುತ್ತೋಲೆ ಅಥವಾ ಗ್ರೂಪಿನಲ್ಲಿ ಓಡಾಡುವ ಸಾರಾಂಶ ನೋಡಿ ಬರೆಯಲು ಶುರು ಮಾಡಬೇಡಿ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ನೊಂದರು. ಸುತ್ತೋಲೆಯಲ್ಲಿ 'ಎಲ್ಲ ಬೋಧಕರೂ ಅರ್ಹರು' ಅಂತ ಇತ್ತು. ಮೂಲ ಕಾಲ್‌ನಲ್ಲಿ, ಪ್ರಾಜೆಕ್ಟ್ ಮುಗಿಯುವವರೆಗೂ ನೌಕರಿಯ ಅವಧಿ ಇರಬೇಕು ಅಂತ ಇತ್ತು. ಅವರದ್ದು ಗುತ್ತಿಗೆ ಕೆಲಸ. ಮೂಲ ಪಿಡಿಎಫ್ ಇಳಿಸಿಕೊಂಡು, ಕೊನೆಯ ಅನುಬಂಧದವರೆಗೂ ಓದಿ. ಪುಟದ ಮಿತಿ, ಅಕ್ಷರದ ಗಾತ್ರ, ಯಾವ ತಲೆಬರಹ ಇರಲೇಬೇಕು ಅನ್ನೋದೆಲ್ಲ ಸುಮ್ನೆ ಹಾಕಿದ್ದಲ್ಲ. ನಿಯಮಕ್ಕೆ ಹೊಂದದ ಪ್ರಪೋಸಲ್ ಅನ್ನು ಎನ್‌ಎಸ್‌ಎಫ್ ರಿವ್ಯೂ ಮಾಡದೆಯೇ ವಾಪಸ್ ಕಳಿಸಬಹುದು.

ಕೆಲವು ಕಾಲ್‌ಗಳಲ್ಲಿ ಒಂದು ಸಂಸ್ಥೆಯಿಂದ ಇಷ್ಟೇ ಅರ್ಜಿ ಅಂತ ಮಿತಿ ಇರುತ್ತದೆ. ಆಗ ವಿಶ್ವವಿದ್ಯಾಲಯದ ಒಳಗೇ ಒಂದು ಆಯ್ಕೆ ನಡೆಯುತ್ತದೆ, ಅದರ ಡೆಡ್‌ಲೈನ್ ಹೊರಗಿನದ್ದಕ್ಕಿಂತ ತಿಂಗಳುಗಳ ಮೊದಲೇ ಮುಗಿದಿರಬಹುದು. ಕಾಲ್ ಕಂಡ ತಕ್ಷಣ 'ಇದಕ್ಕೆ ಒಳಗಿನ ಆಯ್ಕೆ ಇದೆಯಾ' ಅಂತ ಕೇಳಿಬಿಡಿ.

ನಮ್ಮ ಅರ್ಜಿ ಹೀಗಾಯಿತು ಅಂತ ಸುದ್ದಿ ಹಬ್ಬಿದ ಮೇಲೆ 'ಗ್ರಾಂಟ್ ಬರೆದುಕೊಡುತ್ತೇವೆ' ಅನ್ನುವವರು ಸಂಪರ್ಕಿಸಿದರು. ಮುಂಗಡ ಸ್ವಲ್ಪ, ಗ್ರಾಂಟ್ ಬಂದರೆ ಅದರಲ್ಲಿ ಶೇಕಡಾ ಇಷ್ಟು. ಇದಕ್ಕೆ ಖಂಡಿತ ಒಪ್ಪಬೇಡಿ. ಗ್ರಾಂಟ್ ವೃತ್ತಿಯವರ ಸಂಘಗಳ ನೀತಿಸಂಹಿತೆಯೇ ಇಂಥ ಕಮಿಷನ್ ಬೇಡ ಅನ್ನುತ್ತದೆ. ಸಂಶೋಧನೆಗೆ ಅಂತ ಬಂದ ಹಣದಲ್ಲಿ ಅರ್ಜಿ ಬರೆದವರಿಗೆ ಪಾಲು ಕೊಟ್ಟರೆ ಆಡಿಟ್‌ನಲ್ಲಿ ಸಿಕ್ಕಿಬೀಳುವವರು ನೀವು. ಗೆಲ್ಲುವುದು ಗ್ಯಾರಂಟಿ ಅನ್ನುವವರನ್ನು ಅಲ್ಲಿಗೇ ನಿಲ್ಲಿಸಿ. ನಿಮ್ಮ ಹೊಸ ಐಡಿಯಾ ಪೂರ್ತಿಯಾಗಿ ಅವರ ಕೈಗೆ ಹೋಗುತ್ತದೆ ಅನ್ನೋದನ್ನೂ ಮರೆಯಬೇಡಿ. ಬರವಣಿಗೆಗೆ ಸಹಾಯ ಬೇಕಾದರೆ ನಿಮ್ಮ ವಿಭಾಗದಲ್ಲೇ ಹಿಂದೆ ಗ್ರಾಂಟ್ ಪಡೆದವರನ್ನು ಕೇಳಿ, ಅವರ ಪ್ರಪೋಸಲ್ ಓದಲು ಕೊಡಿ ಅನ್ನಿ. ಹೆಚ್ಚಿನವರು ಸಂತೋಷದಿಂದ ಕೊಡುತ್ತಾರೆ.

ಆಫೀಸಿನ ತಡದಿಂದ ಅರ್ಜಿ ತಪ್ಪಿಹೋಗುವುದು ಯುವ ಸಂಶೋಧಕರಿಗೆ ಎಲ್ಲರಿಗಿಂತ ಹೆಚ್ಚು ಹೊಡೆತ. ಅವರಿಗಿರುವ ಗ್ರಾಂಟ್‌ಗಳಲ್ಲಿ ಹಲವು ಪಿಎಚ್‌ಡಿ ಆಗಿ ಇಷ್ಟು ವರ್ಷದೊಳಗೆ ಅಂತ ಇರುತ್ತವೆ. ಹೆರಿಗೆ, ದೀರ್ಘ ಕಾಯಿಲೆಯಂಥ ಕಾರಣಕ್ಕೆ ಇಆರ್‌ಸಿಯಂಥವರು ಆ ಅವಧಿ ವಿಸ್ತರಿಸುತ್ತಾರೆ. ಆಫೀಸಿನವರು ತಡ ಮಾಡಿದರು ಅನ್ನೋದಕ್ಕೆ ವಿಸ್ತರಿಸುವುದಿಲ್ಲ. ನಿಮಗೆ ಇದೇ ಕೊನೆಯ ಅರ್ಹ ವರ್ಷ ಆಗಿದ್ದರೆ ಅದನ್ನು ಆಫೀಸಿಗೆ ಬರೆದು ತಿಳಿಸಿ, ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ ಹಾಕಿ. ಮತ್ತು 'ಕಳಿಸಿದ್ದೇವೆ' ಅನ್ನುವ ಬಾಯಿಮಾತಿಗೆ ಆ ದಿನ ಮನೆಗೆ ಹೋಗಬೇಡಿ. ಫಂಡರ್ ಕಡೆಯಿಂದ ಬರುವ, ಅರ್ಜಿ ಸಂಖ್ಯೆ ಇರುವ ಮೇಲ್ ಕೇಳಿ, ಪೋರ್ಟಲ್‌ನಿಂದ ಪೂರ್ತಿ ಪಿಡಿಎಫ್ ಇಳಿಸಿ, ಬಜೆಟ್ ಪುಟದ ಒಟ್ಟು ಮೊತ್ತ ನೀವು ಕೊಟ್ಟದ್ದೇನಾ ಅಂತ ನೋಡಿ.